ಕಾಡವ್ವನ ವೀಸಾ

ಅಂಟು ತುಪ್ಪದಲ್ಲಿ ಅರಳುತ್ತಿದೆ — ಕೆಳಗಿನ ಕರದಂಟಿನ ಅಂಗಡಿಯಿಂದ ಆ ವಾಸನೆ ಕಿರಿದಾದ ಮೆಟ್ಟಿಲು ಹತ್ತಿ ಬಂದು, ಗಾಜಿನ ಬಾಗಿಲಿನ ಸಂದಿಯಲ್ಲಿ ನುಸುಳಿ ಕಾಡವ್ವನ ಮೂಗಿಗೆ ತಾಗಿತು, ಉರಿ ಹೆಚ್ಚಾಯಿತು ಅಂದುಕೊಂಡಳು, ಇನ್ನೆರಡು ಗಳಿಗೆ ಹೀಗೇ ಬಿಟ್ಟರೆ ಅಂಟು ಸುಟ್ಟು ಕಹಿಯಾಗುತ್ತದೆ, ಯಾರಾದರೂ ಹೇಳಬಾರದೇ ಆ ಮನುಷ್ಯನಿಗೆ, ಅಷ್ಟರಲ್ಲಿ ಅಂಗೈಯೊಳಗಿನ ಫೋನು ಗುರ್ರೆಂದು ನಡುಗಿತು, ಪರದೆಯ ಮೇಲೆ ಆರು ಅಂಕಿಗಳು ಬಂದು ಕೂತವು, ಮೇಜಿನ ಆಚೆಯಿಂದ ಅಭಿನಂದನ, ಗೋಕಾಕದಲ್ಲಿ ಪಾಸ್‌ಪೋರ್ಟು ವೀಸಾ ಅಂದರೆ ಎಲ್ಲರೂ ಬೆರಳು ಮಾಡಿ ತೋರಿಸುವ ಏಜೆಂಟ, ಬಂತಲ್ರಿ ಅಕ್ಕಾರ ಓಟಿಪಿ, ಹೇಳ್ರಿ ಅಂದ, ಅನ್ನುತ್ತ ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದ, ಅಲ್ಲಿ ಸಾಲಾಗಿ ಆರು ಖಾಲಿ ಮನೆಗಳು, ಮೊದಲನೆಯದರಲ್ಲಿ ಒಂದು ಸಣ್ಣ ಕಪ್ಪು ಗೆರೆ ಹತ್ತಿ ಆರುತ್ತಿದೆ. ಇದನ್ನ ಹಾಕಿದ್ರ ಅರ್ಜಿ ಹೋದಂಗ, ಹತ್ತ ನಿಮಿಷ ಇರ್ತೈತ್ರಿ ಇದು, ಐದಕ್ಕ ದುಬೈದವರದೂ ಬಂದ್ ಆಗ್ತೈತಿ, ಇದಾ ಕಡೇದು ನೋಡ್ರಿ ಮತ್ತ, ಅಂದ ಅಭಿನಂದನ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಬಾಜೂ ಕುರ್ಚಿಯಲ್ಲಿದ್ದ ಗಂಡ ಪರಶುರಾಮ ಮೊಣಕೈಯಿಂದ ಮೆಲ್ಲಗೆ ತಿವಿದು, ಹೇಳ ದಾಕ್ಷಿ ಅಂದ. ದಾಕ್ಷಿ. ಬೇರೆ ಯಾರನ್ನೋ ಕರೆದ ಹಾಗೆ ಅವಳು ಸುಮ್ಮನೆ ಕೂತಳು, ಹೆಬ್ಬೆರಳು ಮಾತ್ರ ಅಂಕಿಗಳ ಮೇಲೆ ಅಡ್ಡ ಬಂತು, ಅದು ಬೇಕೆಂದು ಬಂದದ್ದಲ್ಲ, ತಾನಾಗಿಯೇ ಬಂತು.

ಹತ್ತೊಂಬತ್ತು ವರ್ಷ ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನಲ್ಲಿ ಅವಳು ಕಾಡವ್ವ, ಹೊಲದಂಚಿನ ದೇವಿಗೆ ಹರಕೆ ಹೊತ್ತು ಹಡೆದ ಮಗಳೆಂದು ಅವ್ವ ಇಟ್ಟ ಹೆಸರು, ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಕೂಗಬಹುದಾದ ಹೆಸರು, ಮದುವೆ ಗೊತ್ತಾದಾಗ ನಾಗನೂರಿನ ಬೀಗರು ಮೂಗು ಮುರಿದರು, ಕಾಡವ್ವ ಅಂದ್ರ ಏನವಾ, ಕಾಡಾಗಿಂದ ಹಿಡಕೊಂಡ ಬಂದಂಗ ಆತು. ಅಕ್ಷತೆ ಬಿದ್ದ ಮೇಲೆ ಹಿತ್ತಾಳೆಯ ಪರಾತದಲ್ಲಿ ಅಕ್ಕಿ ಹರವಿ ಮದುಮಗನ ಮುಂದಿಟ್ಟರು, ನಡೆದುಬಂದ ಪದ್ಧತಿ, ಉಂಗುರದಿಂದ ಅವನು ಅಕ್ಕಿಯಲ್ಲಿ ಹೊಸ ಹೆಸರು ಬರೆಯಬೇಕು, ಬರೆದ, ದಾಕ್ಷಾಯಿಣಿ ಅಂತ, ದಾ ಎಷ್ಟು ದೊಡ್ಡದು ಬರೆದನೆಂದರೆ ಯಿ ಪರಾತದ ಅಂಚು ಹತ್ತಿತು, ಣಿ ಹಿಡಿಸಲೇ ಇಲ್ಲ, ಇರ್ಲಿ ಬಿಡೋ ತಿಳೀತು ಅಂದಳು ಅತ್ತೆ ಚನ್ನವ್ವ, ಎಲ್ಲರೂ ನಕ್ಕರು, ಅವಳೂ ಬಾಸಿಂಗದ ಒಳಗೇ ನಕ್ಕಳು, ಆಮೇಲೆ ಯಾರೋ ಆ ಅಕ್ಕಿಯನ್ನು ಬಳಿದುಕೊಂಡು ಒಳಗೆ ಒಯ್ದರು, ಸಂಜೆ ಅನ್ನವಾಗಿ ಎಲೆಗೆ ಬಂತು, ಉಂಡಳು. ರೇಷನ್ ಕಾರ್ಡಿನಲ್ಲಿ ದಾಕ್ಷಾಯಿಣಿ, ಆಧಾರದಲ್ಲಿ ದಾಕ್ಷಾಯಿಣಿ, ಅದೇ ಆಧಾರ ಹಿಡಿದು ಮಾಡಿಸಿದ ಪಾಸ್‌ಪೋರ್ಟಿನಲ್ಲಿ ದಾಕ್ಷಾಯಿಣಿ ಪರಶುರಾಮ, ಮನೆಯಲ್ಲಿ ದಾಕ್ಷಿ, ಹಿಂಗಾದರೆ ಹಿಂಗೇ ಅಂದುಕೊಂಡು ಹದಿನಾಲ್ಕು ವರ್ಷ ಹೋದವು, ಆ ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ಗಂಡನಿಗೆ ಬೈಯದೇ ಇದ್ದಿದ್ದರೆ ಹಾಗೇ ಹೋಗುತ್ತಿದ್ದವು. ಗ್ಯಾಸು ತರುತ್ತೇನೆಂದು ಹೋಗಿ ಸಂಜೆ ಖಾಲಿ ಕೈಯಲ್ಲಿ ಬಂದಿದ್ದ, ಬಂದವನು ಹೊಸ ಫೋನಿನ ಕ್ಯಾಮೆರಾ ನೋಡುತ್ತ ನಿಂತ, ಅವಳು ಕೈಯಲ್ಲಿದ್ದ ಹಿಟ್ಟನ್ನು ಪಟಪಟ ತಟ್ಟುತ್ತಲೇ, ಮೂರ ತಾಸು ಎಲ್ಲಿ ಹುಗಿಸ್ಕೊಂಡಿದ್ರಿ, ನನಗ ದಡ್ಡಿ ಕಾಡವ್ವ ಅಂತಾರ, ನನ್ನ ಮುಂದ ಈ ಆಟ ನಡ್ಯಾಂಗಿಲ್ಲ, ಅಂದಳು, ಹದಿನಾಲ್ಕು ವರ್ಷದ ಮೇಲೆ ಆ ಹೆಸರು ತನ್ನಷ್ಟಕ್ಕೆ ತಾನೇ ಬಾಯಿಂದ ಬಿತ್ತು, ಫೋನು ಅದನ್ನೆಲ್ಲ ಹಿಡಿದುಕೊಂಡಿತ್ತು, ಅವನು ನಗುತ್ತ ಕಾಡವ್ವ ಅಂತಲೇ ಹೆಸರು ಕೊಟ್ಟು ಅದನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟ, ಬೆಳಗಾಗುವುದರೊಳಗೆ ಜಿಲ್ಲೆಯ ಗಂಡಸರೆಲ್ಲ ತಮ್ಮ ಹೆಂಡರಿಗೆ ಅದನ್ನು ತೋರಿಸಿ ನಗುತ್ತಿದ್ದರು, ಹೆಂಡರು ನಗದೆ ನೋಡುತ್ತಿದ್ದರು.

ಆಮೇಲೆ ಮೆಸೇಜುಗಳು ಪತ್ರ ಬಂದ ಹಾಗೆ ಬರತೊಡಗಿದವು, ಅಕ್ಕಾ ನನಗೂ ಬೈರಿ, ಕುಡಿಯೂದ ಬಿಡವಲ್ಲೆ, ಬೈರಿ, ಪರೀಕ್ಷಾದಾಗ ಡುಮ್ಕಿ ಹೊಡದೇನಿ, ಬೈರಿ, ಹುಕ್ಕೇರಿಯ ಒಬ್ಬ ಮಾಳಪ್ಪ ಶಾರ್ಜಾದಲ್ಲಿ ಕ್ರೇನ್ ಮೇಲೆ ಕೂತು ಬರೆದಿದ್ದ, ಆರ ತಿಂಗಳಾತಕ್ಕಾ ಅವ್ವಗ ಫೋನ್ ಮಾಡಿಲ್ಲ, ಏನ್ ಮಾತಾಡ್ಬೇಕು ತಿಳೀವಲ್ದು — ಅವಳು ಹೆಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತ ಅವನ ಹೆಸರು ಹಿಡಿದೇ ಬೈದಳು, ಏ ಭಾಡ್ಯಾ ಮಾಳ್ಯಾ, ನಿಮ್ಮವ್ವ ನಿನ್ನ ಹಡದದ್ದು ಮುಗಿಲಾಗ ಹೋಗಿ ಕೂಡ್ಲಿ ಅಂತೇನು, ಉಂಡ್ಯಾ ಅಂತ ಕೇಳ್ತಾಳ, ಉಂಡೆ ಅಂತ ಹೇಳ, ಅಷ್ಟ ಮಾತು, ಅದಕ್ಕೇನ ಸಾಲಿ ಕಲೀಬೇಕಾ, ರೊಟ್ಟಿ ಉಬ್ಬಿತು, ಅದನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದು, ಫೋನ್ ಮಾಡಿದ ಮ್ಯಾಲ ಇದು ನಿನಗ, ಅಂದಳು. ಅವನು ಮಾಡಿದ. ಅವನವ್ವ ಹುಕ್ಕೇರಿಯಿಂದ ಬಸ್ಸು ಬದಲಿಸಿ ನಾಗನೂರಿಗೆ ಬಂದು ಒಂದು ಕೊಳಗ ಶೇಂಗಾ ಕೊಟ್ಟು ಹೋದಳು. ಈಗ, ನಾಲ್ಕು ವರ್ಷದ ಮೇಲೆ, ಹನ್ನೊಂದು ಲಕ್ಷ ಜನ ನೋಡುತ್ತಾರೆ, ಅದರಲ್ಲಿ ಕೊಲ್ಲಿಯ ಕಡೆ ದುಡಿಯುವವರೇ ಒಂದು ಪಾಲು, ಅದಕ್ಕೇ ದುಬೈದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾರುವ ಕಂಪನಿಯೊಂದು ಅವಳಿಗೆ ಕಾಗದ ಬರೆಯಿತು, ಶ್ರೀಮತಿ ಕಾಡವ್ವ ಅವರಿಗೆ, ಎರಡು ವರ್ಷ ಅಲ್ಲೇ ಇರುವ ವೀಸಾ, ವಿಡಿಯೊ ಮಾಡುವುದೇ ಕೆಲಸ, ಅದಕ್ಕೇ ಪಗಾರ, ಶುಕ್ರವಾರಕ್ಕೊಮ್ಮೆ ಕೂಲಿಯವರ ಕ್ಯಾಂಪಿಗೆ ಹೋಗಿ ಅವರೆದುರಿಗೇ ಒಲೆ ಹಚ್ಚಬೇಕು. ಆ ಕಾಗದವನ್ನು ಅವಳು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಮೂರು ದಿನ ನೋಡಿದಳು. ಎದುರಿಗೆ ನಿಂತ ಮಾಳಪ್ಪ, ಅವನ ಬಾಜೂ ಅಂಥವರೇ ನೂರು ಮಂದಿ, ಅಷ್ಟು ದೂರ ಹೋಗಿ ಅವರ ಮುಖ ನೋಡಿಕೊಂಡೇ ಬೈಯಬೇಕು, ಬೈಸಿಕೊಂಡು ಅವರು ಹೇಗೆ ತಲೆ ತಗ್ಗಿಸುತ್ತಾರೋ ನೋಡಬೇಕು, ವಿಮಾನದ ಕಿಟಕಿಯಿಂದ ಒಂದು ಸಲ ಕೆಳಗೆ ನೋಡಬೇಕು — ಬೇಕಾಗಿತ್ತು ಅವಳಿಗೆ, ಬೇಡ ಅನ್ನುವ ಬಾಯಿ ಸುಳ್ಳು ಬಾಯಿ, ಈಗಲೂ ಬೇಕು, ಹೆಬ್ಬೆರಳು ಎತ್ತಿದರೆ ಸಾಕು, ಆರು ಅಂಕಿ — ಎಂಟು ನಿಮಿಷ ಉಳಿದಾವ್ರಿ, ಅಂದ ಅಭಿನಂದನ.

ಮೊದಲ ಸಲ ಈ ಆಫೀಸಿಗೆ ಬಂದಾಗ ಅಭಿನಂದನ ಅವಳಿಗೆ ಕುರ್ಚಿ ಒರೆಸಿ ಕೊಟ್ಟಿದ್ದ, ನಮ್ಮವ್ವ ಜಿನ್ನವ್ವ ನಿಮ್ಮ ವಿಡಿಯೊ ನೋಡದ ಊಟಕ್ಕ ಕೂಡೂದಿಲ್ರಿ, ಅಂದಿದ್ದ, ಆಮೇಲೆ ಕಾಗದಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತ, ಕೂತಷ್ಟು ಹೊತ್ತೂ ಅವನ ಮುಖ ಸಣ್ಣದಾಗುತ್ತ ಹೋಯಿತು. ಕಂಪನಿಯ ಕಾಗದ ಕಾಡವ್ವನ ಹೆಸರಿಗೆ ಐತಿ, ಪಾಸ್‌ಪೋರ್ಟಿನಾಗ ಕಾಡವ್ವ ಇಲ್ಲ, ಆಧಾರದಾಗ ಇಲ್ಲ, ಚಾನೆಲ್ಲು ಯಾರ ಸಿಮ್ಮಿನ ಮ್ಯಾಲ ಐತ್ರಿ ಅಂದ, ಪರಶುರಾಮನದು, ಬ್ಯಾಂಕಿನ ಖಾತೆ, ಪರಶುರಾಮನದು, ಇಮೇಲು, ಅದೂ ಅವನದೇ. ಅಕ್ಕಾರ, ಕಾಗದದಾಗ ನೀವು ಎಲ್ಲೂ ಇಲ್ಲಲ್ರಿ. ಅವಳಿಗೆ ಆಗ ನಗು ಬಂದಿತ್ತು, ಹೊಲದ ಉತಾರ ಅವನ ಹೆಸರಿಗೆ, ಎಮ್ಮೆಯ ಕೆಚ್ಚಲಿಗೆ ಕೈ ಹಾಕುವವಳು ಇವಳು, ಡೈರಿಯ ಪುಸ್ತಕದಲ್ಲಿ ಹಾಲು ಹಾಕುವವನು ಪರಶುರಾಮ, ಮನೆಯೊಳಗೆ ಇದು ಯಾರದು ಅದು ಯಾರದು ಅಂತ ಯಾರು ಗೆರೆ ಎಳೆಯುತ್ತಾರೆ, ಚಾನೆಲ್ಲು ತೆರೆಯುವಾಗ ನಂಬರು ಕೇಳಿತು, ಇದ್ದ ನಂಬರು ಕೊಟ್ಟರು, ಈಗ ಅವಳ ಕೈಯಲ್ಲಿರುವ ಫೋನಿನದೇ ಅದು, ಓಟಿಪಿ ಬರುವುದೂ ಅದಕ್ಕೇ. ಅಭಿನಂದನ ಎರಡು ದಾರಿ ಹೇಳಿದ. ಒಂದು, ದಡ್ಡಿ ಸಾಲಿಯ ದಾಖಲೆ ತರಿಸಬೇಕು, ಕಾಡವ್ವ ಅಂದರೂ ದಾಕ್ಷಾಯಿಣಿ ಅಂದರೂ ಒಬ್ಬಳೇ ಅಂತ ಪ್ರಮಾಣಪತ್ರ, ಪೇಪರಿನಲ್ಲಿ ಜಾಹೀರಾತು, ಹೊಸ ಪಾಸ್‌ಪೋರ್ಟು, ಹೊಸ ಸಿಮ್ಮು, ಮೂರು ತಿಂಗಳು ಬೇಕು, ಆಗ ವೀಸಾ ಅವಳದು, ಅಣ್ಣಾರು ನಿಮ್ಮ ಡಿಪೆಂಡೆಂಟ್ ಆಗಿ ಬರ್ತಾರ. ಡಿಪೆಂಡೆಂಟ್ ಅಂದ್ರ, ಕೇಳಿದ ಪರಶುರಾಮ. ಅಂದ್ರ ನೀವು ಅಕ್ಕಾರನ್ನ ನಂಬಿಕೊಂಡ ಹೋಗೋರು ಅಂತ್ರಿ. ಪರಶುರಾಮ ಕಿಟಕಿಯ ಹೊರಗೆ ನೋಡಿದ, ಕೆಳಗೆ ಅವನ ಬಾಡಿಗೆ ಗಾಡಿ, ಟಂಟಂ, ನಿಂತಿತ್ತು, ಹಿಂದಿನ ಗಾಜಿಗೆ ದೊಡ್ಡ ಅಕ್ಷರದಲ್ಲಿ ಪರಶುರಾಮ ಅಂತ ಬರೆಸಿದ್ದ ಟಂಟಂ, ಮುದಲಗಿಗೂ ನಾಗನೂರಿಗೂ ದಿನಕ್ಕೆ ಎಂಟು ಸಲ ಓಡುವುದು, ಹೇಂತಿ ವೀಸಾದ ಮ್ಯಾಲ ಹ್ವಾದ ಗಂಡ ಅಂತ ಸ್ಟ್ಯಾಂಡಿನ್ಯಾಗ ನನಗ ಹೆಸರ ಇಡ್ತಾರ, ಅಂದ, ಮೆಲ್ಲಗೆ ಅಂದ, ಸಿಟ್ಟಿನಿಂದಲ್ಲ. ಅದಕ್ಕೇ ಎರಡನೇ ದಾರಿ. ಕಂಪನಿ ಕೇಳುವುದು ಕಾಡವ್ವ ಚಾನೆಲ್ಲು ನಡೆಸುವವರನ್ನು, ಕಾಗದದ ಪ್ರಕಾರ ಅದು ಪರಶುರಾಮ, ಅವನ ಹೆಸರಿಗೆ ಅರ್ಜಿ ಹಾಕಿ ಹೆಂಡತಿಯನ್ನು ಹಿಂದೆ ಸೇರಿಸಿದರೆ ಆಯಿತು, ಹದಿನೈದು ದಿನದಲ್ಲಿ ಕೆಲಸ. ಸ್ಟಾರ್ ನೀವ ಅಕ್ಕಾರ, ಕಾಗದ ಅಷ್ಟ ಅಣ್ಣಾರದು. ಅವತ್ತು ಅವಳು ಹೂಂ ಅಂದಳು. ಹೂಂ ಅಂದದ್ದು ತಾನೇ. ಯಾರೂ ಬಾಯಿಗೆ ಬಟ್ಟೆ ತುರುಕಿರಲಿಲ್ಲ.

ಅವನು ಕೆಟ್ಟವನಲ್ಲ, ಇದನ್ನೂ ತನಗೆ ತಾನೇ ಹೇಳಿಕೊಳ್ಳಬೇಕು, ಎರಡೆರಡು ತಾಸು ಫೋನು ಹಿಡಿದು ನಿಂತು ತೋಳು ನೋಯಿಸಿಕೊಂಡಿದ್ದಾನೆ, ಹೊಗೆಯಲ್ಲಿ ಕೆಮ್ಮು ಬಂದರೂ ವಿಡಿಯೊ ಹಾಳಾದೀತೆಂದು ಕಣ್ಣು ಕೆಂಪಾಗುವವರೆಗೆ ತಡೆದುಕೊಂಡಿದ್ದಾನೆ, ಆದರೆ ಮುದಲಗಿಯಲ್ಲಿ, ಸೊಸೈಟಿಯ ಸಭಾಗೃಹದಲ್ಲಿ, ಸತ್ಕಾರ ಅಂತ ಕರೆದು ಅಧ್ಯಕ್ಷ ರಾವಸಾಹೇಬರು ರುಮಾಲು ಸುತ್ತಿದ್ದು ಅವನ ತಲೆಗೆ, ಶಾಲು ಹೊದಿಸಿದ್ದು ಅವನ ಹೆಗಲಿಗೆ, ಇಂಥಾ ಹೆಣ್ಣಮಗಳನ್ನ ಮುಂದ ತಂದ ಗಂಡಸು, ಅಂದರು, ಅವಳ ಕೈಗೆ ಒಂದು ತೆಂಗಿನಕಾಯಿ ಬಂತು, ಅವನು ಮೈಕು ಹಿಡಿದು, ಐಡಿಯಾ ಎಲ್ಲಾ ನಂದ, ಆಕಿ ಬರೀ ಮಾತಾಡ್ತಾಳ, ಅಂದ, ಜನ ಚಪ್ಪಾಳೆ ಹೊಡೆದರು, ಹೊಡೆದವರಲ್ಲಿ ಅವಳ ಕೈಯೂ ಇತ್ತು, ತೆಂಗಿನಕಾಯಿ ಕಂಕುಳಲ್ಲಿ ಇಟ್ಟುಕೊಂಡು ಹೊಡೆದಳು. ಅದು ಹೋಗಲಿ. ಈಗ, ಅರ್ಧ ತಾಸಿನ ಹಿಂದೆ, ಇದೇ ಕಂಪ್ಯೂಟರಿನಲ್ಲಿ, ಅರ್ಜಿಯ ಜೊತೆ ಹಚ್ಚಬೇಕಾದ ಪರಿಚಯದ ವಿಡಿಯೊ ಅಂತ ಅಭಿನಂದನ ಒಂದನ್ನು ತೆರೆದ, ನಿನ್ನೆ ಇಬ್ಬರೂ ಕೂಡಿ ಮಾಡಿಸಿದ್ದಂತೆ, ಅವಳಿಗೆ ತಿಳಿಸಿರಲಿಲ್ಲ, ಅದರಲ್ಲಿ ಪರಶುರಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಲಕ್ಕೆ ಬೈತಲೆ ತೆಗೆದು, ಕೈ ಕಟ್ಟಿ ನಿಂತು ಹೇಳುತ್ತಾನೆ, ನಮಸ್ಕಾರ್ರಿ, ಕಾಡವ್ವ ಅಂದ್ರ ನಾನ. ಮತ್ತೆ ಒಂದು ಸಲ, ಮೊದಲನೆಯದು ಸರಿ ಬರಲಿಲ್ಲವೆಂದು, ಜೋರಾಗಿ, ಕಾಡವ್ವ ಅಂದ್ರ ನಾನ. ಅಭಿನಂದನ ನಕ್ಕ, ಪರಶುರಾಮನೂ ನಾಚಿ ನಕ್ಕ, ಅವಳು ಅರ್ಜಿಯಲ್ಲಿ ತನ್ನ ಹೆಸರು ಹುಡುಕಿದಳು. ಕೆಳಗೆ ಅವಳ ಸಾಲಿನಲ್ಲಿ, ಹೆಸರು ದಾಕ್ಷಾಯಿಣಿ, ಉದ್ಯೋಗ ಗೃಹಿಣಿ. ಅಲ್ಲೆ ನಾ ವಿಡಿಯೊ ಮಾಡಬಹುದಲ್ಲ, ಕೇಳಿದಳು. ಮಾಡ್ರಿ, ಯಾರ ಬ್ಯಾಡ ಅಂತಾರ, ಆದ್ರ ನಿಮ್ಮ ಹೆಸರಿಲೆ ಪಗಾರ ಕೊಡಾಂಗಿಲ್ಲ ಅಂತ ಕಂಪನಿ ಬರದೈತಿ, ಎಲ್ಲಾ ಅಣ್ಣಾರ ಮ್ಯಾಲ. ಇವರು ಒಂದ ದಿನ ಇಲ್ಲಿಗೆ ಸಾಕು ಅಂದ್ರ? ಅಭಿನಂದನ ಪೆನ್ನು ತಿರುಗಿಸಿದ, ಅಣ್ಣಾರದು ರದ್ದಾದ್ರ ನಿಮ್ಮದೂ ರದ್ದಾಗ್ತೈತ್ರಿ, ಹಂಗ ಯಾಕ ಮಾಡ್ತಾರ ಬಿಡ್ರಿ, ಅಂದ. ಹಂಗ ಯಾಕ ಮಾಡ್ತಾರ. ಮಾಡಲಿಕ್ಕಿಲ್ಲ. ಮಾಡಿದರೆ ಮಾಡಬಹುದು ಅನ್ನುವುದು ಕಾಗದದಲ್ಲಿ ಇದೆ, ಅವಳು ಮಾಡಿದರೆ ಏನು ಅನ್ನುವುದು ಎಲ್ಲಿಯೂ ಇಲ್ಲ.

ಹೋದ ವಾರ ಇದೇ ಗೋಕಾಕದ ಸಂತೆಯಲ್ಲಿ ಅತ್ತೆ ಬದನೆಕಾಯಿ ಆರಿಸುತ್ತಿದ್ದಳು, ಒಂದೊಂದನ್ನೂ ಕಿವಿಯ ಹತ್ತಿರ ಒಯ್ದು ಒತ್ತಿ ನೋಡುವುದು ಅವಳ ಚಾಳಿ, ಹಿಂದಿನಿಂದ ಒಬ್ಬಳು ಮುದುಕಿ, ಅಲ್ಲವ್ವಾ, ಏ ಅಲ್ಲವ್ವಾ, ಅಂತ ಕೂಗುತ್ತ ಬಂದಳು, ಅತ್ತೆ ತಿರುಗಲಿಲ್ಲ, ಮೂರು ಸಲ ಕೂಗಿದಳು, ಕಡೆಗೆ ಬಂದು ಭುಜ ಹಿಡಿದು ಅಲುಗಿಸಿ, ಕಿವುಡಿ ಆಗಿ ಏನ ನಮ್ಮವ್ವಾ, ಬೆಲ್ಲದ ಬಾಗೇವಾಡಿಯಾಗ ನಿನ್ನ ಕೂಡ ಕುಂಟಾಪಿಲ್ಲಿ ಆಡಿದಾಕಿ ನಾ, ಅಂದಳು, ಅತ್ತೆ ಆ ಮುಖವನ್ನು ಬಹಳ ಹೊತ್ತು ನೋಡಿದಳು, ಇಬ್ಬರೂ ಅತ್ತು ನಕ್ಕು ಎಲೆ ಅಡಿಕೆ ಹಾಕಿಕೊಂಡು ಬೇರೆಯಾದರು. ಟಂಟಂನಲ್ಲಿ ಮರಳುವಾಗ ಕಾಡವ್ವ ಕೇಳಿದಳು, ಅತ್ತೀ, ನಿಮ್ಮ ಹೆಸರು ಅಲ್ಲವ್ವ ಇತ್ತಾ, ಕೇಳ್ಸಿದ್ರೂ ಯಾಕ ತಿರಗಲಿಲ್ಲ. ಚನ್ನವ್ವ ಬದನೆಕಾಯಿಯ ತೊಟ್ಟು ಮುರಿಯುತ್ತ ಹೇಳಿದಳು, ಕೇಳಿಸಿತವಾ, ಯಾರಿಗೋ ಕರ್ಯಾಕತ್ತಾರ, ಪಾಪ ಆಕಿ ಯಾಕ ಓ ಅನವಲ್ಲಳು ಅಂತ ನಾನೂ ಅಂದಕೊಂಡೆ. ಟಂಟಂ ಚಲಾಯಿಸುತ್ತಿದ್ದ ಮಗನಿಗೆ ಅದು ಕೇಳಿಸಿತೋ ಇಲ್ಲವೋ, ಅವನು ಹಾರ್ನು ಹೊಡೆಯುತ್ತ ಹೊಡೆಯುತ್ತ ಹೋದ. ತಾನೂ ಇನ್ನು ಇಪ್ಪತ್ತು ವರ್ಷಕ್ಕೆ, ದುಬೈದ್ದೋ ಗೋಕಾಕದ್ದೋ ಯಾವುದೋ ಸಂತೆಯಲ್ಲಿ, ಕಾಡವ್ವಾ ಅಂತ ಯಾರೋ ಕೂಗಿದರೆ, ಪಾಪ ಆಕಿ ಯಾಕ ಓ ಅನವಲ್ಲಳು — ಥೂ, ಅಂದಳು ಕಾಡವ್ವ, ಬಾಯಿಬಿಟ್ಟೇ ಅಂದಳು.

ಏನಾತು ಅಕ್ಕಾರ, ಬೆಚ್ಚಿದ ಅಭಿನಂದನ. ಮೂರ ನಿಮಿಷ. ಓಟಿಪಿ ಬಂದಿಲ್ಲೇನು. ಬಂದೈತಿ, ಅಂದಳು. ಹೇಳ್ರಿ ಮತ್ತ. ಹೇಳೂದಿಲ್ಲ. ಪರಶುರಾಮ ನಕ್ಕ, ಮೊದಲು, ಇದು ವಿಡಿಯೊದ ಮಾತು ಅಂದುಕೊಂಡು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ, ಫೋನ ಕೊಡ ಇಲ್ಲೆ, ಅಂತ ಅಂಗೈ ಚಾಚಿದ, ಆ ಅಂಗೈ ಅವಳಿಗೆ ಗೊತ್ತು, ಸ್ಟೇರಿಂಗು ಹಿಡಿದು ಹಿಡಿದು ಒಡ್ಡಾದ ಅಂಗೈ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಅಂಗೈ, ಅದರ ಮೇಲೆ ಅವಳು ಏನನ್ನೂ ಇಡಲಿಲ್ಲ, ಫೋನನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಗಟ್ಟಿಯಾಗಿ ಕೂತಳು, ಹೌದು, ಕೂತೇಬಿಟ್ಟಳು. ಹುಚ್ಚ ಹಿಡದೈತೇನ, ಅಂದ ಅವನು, ಊರ ತುಂಬ ಹೇಳೇನಿ, ಟಂಟಂ ಸ್ಟ್ಯಾಂಡಿನ ಪರಪ್ಪಗ ಕೊಡ್ತೇನಂತ ಮಾತ ಕೊಟ್ಟೇನಿ, ಈಗ ಏನಂತ ಹೇಳ್ಲಿ. ಹೇಂತಿ ಬೈದಳು ಅಂತ ಹೇಳ್ರಿ, ಅಂದಳು ಅವಳು, ಹನ್ನೊಂದ ಲಕ್ಷ ಮಂದಿ ನನ್ನ ಕಡೆ ಬೈಸ್ಕೊಂಡಾರ, ಕೇಳಿ ಕೇಳಿ ಬೈಸ್ಕೊಂಡಾರ, ನೀವೊಬ್ಬರ ಉಳದಿದ್ರಿ, ಹದಿನೆಂಟ ವರ್ಷದಾಗ ಗ್ಯಾಸಿಗೆ ಒಂದ ಸಲ ಬೈದೇನಿ, ಇದು ಎರಡನೇದು, ಕಾಡವ್ವ ಅಂದ್ರ ನೀವಾ, ಹಂಗಾರ ನಾಳೆ ರೊಟ್ಟಿ ಬಡದ ತೋರಸ್ರಿ, ಮಾಳಪ್ಪನ ಅವ್ವ ಶೇಂಗಾ ತಂದಾಗ ನೀವ ಹೋಗಿ ಸೆರಗ ಒಡ್ಡಿ ಇಸ್ಕೊಳ್ರಿ. ಅಭಿನಂದನ ಬಗ್ಗಿ ಕೆಳಗೆ ಬೀಳದ ಏನನ್ನೋ ಹುಡುಕತೊಡಗಿದ. ಅಕ್ಕಾರ ಒಂದ ಮಾತು, ಅಂದ ಬಗ್ಗಿದಲ್ಲಿಂದಲೇ, ಇದು ಹೋದ್ರ ಮತ್ತ ಕರೀತಾರ ಅನ್ನೂದ ಗ್ಯಾರಂಟಿ ಇಲ್ರಿ. ಕರೀಲಿಲ್ಲಂದ್ರ ನಾಗನೂರಾಗ ಒಲಿ ಹಚ್ಚತೇನಿ ತಮ್ಮಾ, ಒಲಿಗೇನ ವೀಸಾ ಬೇಕಾ, ನೀ ಆ ಮೊದಲನೇ ದಾರಿ ಬರಕೊಡು ಒಂದ ಹಾಳ್ಯಾಗ, ನಾಳೆ ಮುಂಜಾನೆ ಹುಕ್ಕೇರಿ ಬಸ್ ಹಿಡೀತೇನಿ, ಮೂರ ತಿಂಗಳಂದ್ರ ಮೂರ ತಿಂಗಳು, ಆರಂದ್ರ ಆರು, ಕಾಡವ್ವನ ಹೆಸರಿಗೆ ಸಿಮ್ಮು, ಕಾಡವ್ವನ ಹೆಸರಿಗೆ ಪಾಸ್‌ಪೋರ್ಟು, ಇವರು ಬರ್ತೇನಂದ್ರ ನನ್ನ ಹಿಂದ ಬರ್ಲಿ, ನಾ ಏನ ರದ್ದ ಮಾಡಾಂಗಿಲ್ಲ ಇವರನ್ನ, ಅಷ್ಟ ನಂಬಿಕಿ ಇವರು ನನ್ನ ಮ್ಯಾಲ ಇಡ್ಬೇಕಾಗ್ತೈತಿ, ನಾ ಇಟ್ಟಂಗ.

ಪರಶುರಾಮನ ಕೈ ಇನ್ನೂ ಚಾಚಿಯೇ ಇತ್ತು, ಯಾರೂ ಏನೂ ಇಡದ ಕೈ, ಅವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಿದ್ದ, ಅವಳು ಅದನ್ನು ನೋಡಿದಳು, ಈಗ ಕಣ್ಣೀರು ಹಾಕಿದರೆ ಕ್ಷಮೆ ಕೇಳಿದ ಹಾಗೆ ಆಗುತ್ತದೆ, ಹಾಕಬಾರದು, ವಿಮಾನದ ಕಿಟಕಿ, ಮುಗಿಲಲ್ಲಿ ಕೂತ ಮಾಳಪ್ಪ, ತಲೆ ತಗ್ಗಿಸಿದ ನೂರು ಮಂದಿ, ಎಲ್ಲ ದೂರ ಸರಿದವು, ಎಷ್ಟು ದೂರವೋ, ಗಡಿಯಾರದ ಕಡೆ ನೋಡಬಾರದೆಂದು ಅವಳು ಕಂಪ್ಯೂಟರಿನ ಕಡೆ ನೋಡಿದಳು, ತೊಡೆಯ ಕೆಳಗೆ ಫೋನು ಮತ್ತೊಮ್ಮೆ ಗುರ್ ಅಂತು, ಹೇಳ ಅಂದಿತು, ಹೇಳಲಿಲ್ಲ, ಅಲ್ಲಿ ಆ ಆರು ಮನೆಗಳು, ಬೆಳ್ಳಗೆ, ಬಳಿದು ತೊಳೆದ ಹಾಗೆ, ಯಾರೂ ಏನೂ ಬರೆಯದ ಮನೆಗಳು, ಮೊದಲನೆಯದರಲ್ಲಿ ಆ ಕಪ್ಪು ಗೆರೆ, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ, ಆರು ಖಾಲಿ ಮನೆ, ಕಪ್ಪು ಗೆರೆ, ಆರುತ್ತದೆ, ಹತ್ತುತ್ತದೆ, ಖಾಲಿ ಮನೆ —